ಗ್ಯಾಲರಿಯ ಹಿಂದೆ ಕೇಳಿಸಿದ ಖೋ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವವರಿಗೆ ಕಂಡಕ್ಟರ್ ಪುಷ್ಪಾಳ ಮುಖಕ್ಕಿಂತ ಮೊದಲು ಅವಳ ಗಂಟಲು ಪರಿಚಯ. ಬಸ್ ಸ್ಟ್ಯಾಂಡಿನ ಆ ತುದಿಯಲ್ಲಿ ಟೀ ಕುಡಿಯುತ್ತಾ ನಿಂತವರೂ “ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ, ಶಿವಮೊಗ್ಗಾ!” ಎಂಬ ಕೂಗು ಕಿವಿಗೆ ಬಿದ್ದೊಡನೆ ಲೋಟ ಕೆಳಗಿಟ್ಟು ಓಡಿ ಬರುತ್ತಾರೆ. ಬಸ್ಸು ಎಷ್ಟೇ ಕುಲುಕಲಿ, ಅವಳು ಕಂಬಿ ಹಿಡಿಯುವುದಿಲ್ಲ. ತುಂಬಿದ ಬಸ್ಸಿನಲ್ಲಿ ಜನರ ನಡುವೆ ಮೈ ಓರೆ ಮಾಡಿಕೊಂಡು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಸರಸರ ನಡೆಯುತ್ತಾಳೆ. ಒಮ್ಮೆ ಕಾಲೇಜು ಹುಡುಗಿಯೊಬ್ಬಳು, “ಅಕ್ಕಾ, ನೀವು ಬೀಳಲ್ವಾ?” ಎಂದು ಕೇಳಿದ್ದಳು. “ಖೋ ಖೋ ಆಡಿದ ಕಾಲು ಕಣಮ್ಮ ಇದು,” ಎಂದು ಪುಷ್ಪಾ ಟಿಕೆಟ್ ಹರಿದು ಕೊಟ್ಟಿದ್ದಳು.

ಅವಳು ಹುಟ್ಟಿ ಬೆಳೆದದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ರಾಮಚಂದ್ರಪ್ಪ ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿದ್ದರು. ಯಂತ್ರಗಳ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಅವರ ದನಿಯೇ ದೊಡ್ಡದಾಗಿಬಿಟ್ಟಿತ್ತು. ಊಟಕ್ಕೆ ಕೂತು ಉಪ್ಪಿನಕಾಯಿ ಕೇಳಿದರೂ ಪಕ್ಕದ ಮನೆಯ ತಮಿಳಿನ ಅಜ್ಜಿ ಏನಾಯಿತೋ ಎಂದು ಬಾಗಿಲಿಗೆ ಬಂದು ಇಣುಕುತ್ತಿದ್ದರು. ಅಮ್ಮ ಸಣ್ಣಮ್ಮ, “ಗೋಡೆ ಬಿರುಕು ಬಿಡುತ್ತೆ, ಮೆತ್ತಗೆ ಮಾತಾಡಿ,” ಎನ್ನುವುದು, ಅಪ್ಪ ಅದಕ್ಕೂ ಕೂಗಿಯೇ ಉತ್ತರ ಕೊಡುವುದು, ಮನೆಯಲ್ಲಿ ನಿತ್ಯದ ಮಾತಾಗಿತ್ತು.

ಕ್ವಾರ್ಟರ್ಸಿನ ಎರಡು ಸಾಲುಗಳ ನಡುವೆ ಮೈದಾನವಿತ್ತು. ಬೆಳಗಿನ ಪಾಳಿಯ ಸೈರನ್ ಕೂಗಿದಾಗ ಅಪ್ಪಂದಿರು ಸೈಕಲ್ ಹತ್ತಿ ಕಾರ್ಖಾನೆಯತ್ತ ಹೊರಟರೆ, ಹೆಣ್ಣುಮಕ್ಕಳು ಲಂಗಕ್ಕೆ ಪಿನ್ನು ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದರು. ಸುಣ್ಣದ ಪುಡಿಯಲ್ಲಿ ಗೆರೆ, ಎರಡು ತುದಿಗೆ ಎರಡು ಮರದ ಕಂಬ. ಕ್ಯಾನ್ವಾಸ್ ಶೂಗಳಿಗೆ ಶಾಲೆಯಿಂದ ತಂದ ಸೀಮೆಸುಣ್ಣ ತಿಕ್ಕಿ ಬಿಳಿ ಮಾಡಿಕೊಳ್ಳುತ್ತಿದ್ದರು. ಪುಷ್ಪಾ ಅಟ್ಟಿಸಿಕೊಂಡು ಹೋಗಿ ಹಿಡಿಯುವುದರಲ್ಲಿ ಗಟ್ಟಿಗಿತ್ತಿ. ತಪ್ಪಿಸಿಕೊಳ್ಳುವುದರಲ್ಲಿ ಹಿಂದಿನ ಸಾಲಿನ ಜಗದಾಂಬಾ, ಕಾರ್ಖಾನೆ ಆಸ್ಪತ್ರೆಯ ಕಾಂಪೌಂಡರ್ ಮಗಳು. ಇಬ್ಬರೂ ಒಂದೇ ತಂಡದವರು. ಆದರೆ ಪ್ರಾಕ್ಟೀಸಿನಲ್ಲಿ ಇವಳು ಅಟ್ಟಬೇಕು, ಅವಳು ಓಡಬೇಕು. ಜಗದಾಂಬಾ ಬಾಯಲ್ಲಿ ಹುಣಸೆಹಣ್ಣು ಚೀಪುತ್ತಲೇ ಕೂತವರ ನಡುವೆ ಹಾವಿನ ಹಾಗೆ ಸುಳಿದು ಆಚೆ ಬದಿಗೆ ಹೋಗಿ ನಿಂತು ನಗುತ್ತಿದ್ದಳು. ಪುಷ್ಪಿ, ಜಗ್ಗಿ ಎಂದೇ ಇಬ್ಬರನ್ನೂ ಎಲ್ಲರೂ ಕರೆಯುತ್ತಿದ್ದದ್ದು.

ಪಂದ್ಯ ಎಲ್ಲಿದ್ದರೂ, ಬಿಡುವಿದ್ದರೆ ಪ್ರಾಕ್ಟೀಸಿಗೂ, ರಾಮಚಂದ್ರಪ್ಪ ಬರುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಕೆಂಪಾದ ಕಣ್ಣಿನಲ್ಲಿಯೇ, ಕೈಯಲ್ಲಿ ಟಿಫನ್ ಕ್ಯಾರಿಯರ್ ಹಿಡಿದು, ಕಾರ್ಖಾನೆಯ ದಪ್ಪ ಬೂಟಿನಲ್ಲಿಯೇ ಬಂದು ಗೆರೆಯ ಪಕ್ಕ ನಿಲ್ಲುತ್ತಿದ್ದರು. ಮಗಳು ಅಟ್ಟಲು ಎದ್ದರೆ ಅವರೂ ಗೆರೆಗುಂಟ ಓಡುತ್ತಾ, “ಹಿಡೀ ಮಗಳೇ! ಹಿಡಿ, ಹಿಡಿ, ಹಿಡೀ!” ಎಂದು ಕೂಗುತ್ತಿದ್ದರು. ದಾವಣಗೆರೆಯಲ್ಲಿ ಒಮ್ಮೆ ಅಂಪೈರು ಅವರನ್ನು ಗದರಿಸಿ ದೂರ ಕಳಿಸಿದ್ದರು. ದೂರದಿಂದಲೂ ದನಿ ಹಾಗೆಯೇ ಬರುತ್ತಿತ್ತು. ಆ ಕೂಗು ಕೇಳಿದರೆ ಪುಷ್ಪಾಳಿಗೆ ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದಂತಾಗುತ್ತಿತ್ತು. ಕಂಬದ ಬಳಿ ಮೈಚಾಚಿ ನೆಲಕ್ಕೆ ಬೀಳುವಾಗ ಮೊಣಕೈ ತರಚುವುದು ಕೂಡ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಕಾರ್ಖಾನೆಯಲ್ಲಿ ಜನ ಕಡಿಮೆಯಾಗುತ್ತಾ ಬಂದರು. ರಾಮಚಂದ್ರಪ್ಪ ಸ್ವಯಂ ನಿವೃತ್ತಿ ತೆಗೆದುಕೊಂಡು ಜನ್ನಾಪುರದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು. ಜಗದಾಂಬಾಳ ಮನೆಯವರು ಶಿವಮೊಗ್ಗಕ್ಕೆ ಹೊರಟರು. ಸಾಮಾನು ತುಂಬಿದ ಟೆಂಪೋದ ಹಿಂಬದಿ, ಹಾಸಿಗೆ ಸುರುಳಿಯ ಮೇಲೆ ಕೂತು ಜಗ್ಗಿ, “ಬಾರೇ, ಪ್ರತಿ ಭಾನುವಾರ ಬಾರೇ,” ಎಂದು ಕೈ ಬೀಸಿದ್ದಳು. ಒಂದು ಭಾನುವಾರವೂ ಹೋಗಲಾಗಲಿಲ್ಲ. ಇಬ್ಬರ ಮನೆಯಲ್ಲೂ ಫೋನಿರಲಿಲ್ಲ. ಪುಷ್ಪಾ ಪಿಯುಸಿ ಮುಗಿಸಿದಳು, ಟೈಪಿಂಗ್ ಕಲಿತಳು, ಜನ್ನಾಪುರದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ ಚಂದ್ರುವನ್ನು ಮದುವೆಯಾದಳು, ಪರೀಕ್ಷೆ ಬರೆದು ಕಂಡಕ್ಟರಾದಳು. ಅಪ್ಪ ಹೋಗಿ ಕೆಲವು ವರ್ಷಗಳಾದವು. ಕೊನೆಯ ದಿನಗಳಲ್ಲಿ ಅವರ ದನಿ ಎಷ್ಟು ತಗ್ಗಿತ್ತೆಂದರೆ, ನೀರು ಕೇಳಿದರೆ ಬಾಯಿಯ ಹತ್ತಿರ ಕಿವಿ ಇಡಬೇಕಾಗುತ್ತಿತ್ತು. ಪುಷ್ಪಾಳಿಗೆ ಅವರ ಸಾವಿಗಿಂತ ಅದೇ ಹೆಚ್ಚು ನೆನಪಾಗುತ್ತದೆ.

ಮಗಳು ಅಮೂಲ್ಯ ಒಂಬತ್ತನೇ ಕ್ಲಾಸು. ಮಾತು ಕಮ್ಮಿ, ಯಾವುದಕ್ಕೂ ಮೊದಲು “ಹ್ಞೂಂ” ಎನ್ನುವ ಹುಡುಗಿ. ಅವಳು ಖೋ ಖೋ ಆಡುತ್ತಾಳೆಂದು ಪುಷ್ಪಾ ಅಂದುಕೊಂಡಿರಲೇ ಇಲ್ಲ. ಶಾಲೆಯ ಪಿ.ಟಿ. ಮೇಷ್ಟ್ರು ಪರಶುರಾಮ ಒಂದು ದಿನ ಬಸ್ಸಿನಲ್ಲಿ ಸಿಕ್ಕಿ, “ನಿಮ್ಮ ಹುಡುಗೀನ ಟೀಮಿಗೆ ತಗೊಂಡಿದೀನಿ ಮೇಡಂ. ಕಣ್ಣು ಚುರುಕಾಗಿದೆ,” ಎಂದಾಗ ಪುಷ್ಪಾ ಬಸ್ಸಿನ ಮಧ್ಯದಲ್ಲಿಯೇ ಕೈ ತಟ್ಟಿಬಿಟ್ಟಳು. ಮುಂದಿನ ಭಾನುವಾರವೇ ಮಗಳನ್ನು ನ್ಯೂ ಟೌನಿನ ಹಳೆಯ ಮೈದಾನಕ್ಕೆ ಕರೆದುಕೊಂಡು ಹೋದಳು. ಸುತ್ತಲಿನ ಮನೆಗಳಲ್ಲಿ ಎಷ್ಟೋ ಬೀಗ ಹಾಕಿದ್ದವು. ಮೆಟ್ಟಿಲುಗಳ ಸಂದಿಯಲ್ಲಿ ಗಿಡ ಎದ್ದಿತ್ತು. ಮೈದಾನ ಮಾತ್ರ ಇತ್ತು. ಪುಷ್ಪಾ ಎರಡು ಕೋಲು ನೆಟ್ಟು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಮಗಳಿಗೆ ಹೇಳಿಕೊಡತೊಡಗಿದಳು.

“ಕಂಬದ ಹತ್ರ ನಿಧಾನ ಮಾಡ್ಬಾರ್ದು ಕಣೇ. ಮೈ ಬಿಟ್ಬಿಡ್ಬೇಕು. ಹಾರು!”

ಅಮೂಲ್ಯ ಹಾರಿದಳು. ಮೊಣಕಾಲು ತರಚಿತು. “ಇನ್ನೊಂದ್ಸಲ,” ಎಂದಳು ಪುಷ್ಪಾ. “ಹ್ಞೂಂ,” ಎಂದಳು ಅಮೂಲ್ಯ. ಹೀಗೆ ಮಳೆಗಾಲದ ಬಿಡುವಿನ ಭಾನುವಾರಗಳೆಲ್ಲ ಕಳೆದವು. ತಾಲ್ಲೂಕು ಮಟ್ಟದಲ್ಲಿ ಶಾಲೆ ಗೆದ್ದಿತು. ಜಿಲ್ಲಾ ಪಂದ್ಯ ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ ಎಂದಾಯಿತು.

ಹಿಂದಿನ ಸಂಜೆ ಅಮೂಲ್ಯ ಬ್ಯಾಗಿಗೆ ಬಟ್ಟೆ ತುಂಬುತ್ತಾ ಕೇಳಿದಳು, “ಅಮ್ಮ, ನಾಳೆ ನೀನು ಬರ್ತೀಯಾ?”

“ಬರದೆ ಇರ್ತೀನಾ? ಡ್ಯೂಟಿ ಬದಲಾಯಿಸ್ಕೊಂಡಿದೀನಿ.”

“ಬರ್ದಿದ್ರೂ ಪರವಾಗಿಲ್ಲ...”

“ಏನಂದೆ?”

“ಏನಿಲ್ಲ.”

ಪುಷ್ಪಾ ಒಲೆಯ ಮೇಲಿನ ಹಾಲು ನೋಡಲು ಓಡಿದಳು. ಮಾತು ಅಲ್ಲಿಗೇ ನಿಂತಿತು.

ಮರುದಿನ ಬಿಸಿಲು ಚುರುಗುಟ್ಟುತ್ತಿತ್ತು. ಸೆಮಿಫೈನಲ್ಲಿಗೆ ಭದ್ರಾವತಿಯ ಹಳದಿ ಅಂಗಿಯ ಹುಡುಗಿಯರು, ಎದುರಿಗೆ ಶಿವಮೊಗ್ಗದ ನೀಲಿ ಅಂಗಿಯವರು. ಮೊದಲು ಅಟ್ಟುವ ಸರದಿ ಭದ್ರಾವತಿಯದು. ಎಂಟು ಹುಡುಗಿಯರು ಮಧ್ಯದ ಗೆರೆಯುದ್ದಕ್ಕೂ ಒಬ್ಬಳು ಈ ಕಡೆ, ಒಬ್ಬಳು ಆ ಕಡೆ ಮುಖ ಮಾಡಿ ಕೂತರು. ಅಟ್ಟಲು ನಿಂತವಳು ಅಮೂಲ್ಯ. ಪುಷ್ಪಾ ಗ್ಯಾಲರಿಯ ಮಧ್ಯದಲ್ಲಿ, ಎಲ್ಲ ಕಾಣುವಲ್ಲಿ ಜಾಗ ಹಿಡಿದಿದ್ದಳು.

ನೀಲಿ ಅಂಗಿಯವರಲ್ಲಿ ಎರಡು ಜಡೆ ಮಡಿಚಿ ಕಟ್ಟಿದ ಒಬ್ಬ ತೆಳ್ಳನೆಯ ಹುಡುಗಿ ಇದ್ದಳು. ಅವಳನ್ನು ಹಿಡಿಯಲಾಗಲೇ ಇಲ್ಲ. ಅಮೂಲ್ಯ ಹತ್ತಿರ ಬರುವವರೆಗೂ ನಿಂತಿದ್ದು, ಕೈ ಚಾಚಿದಾಗ ಕೂತವರ ಸಂದಿಯಲ್ಲಿ ನುಸುಳಿ ಆಚೆಗೆ ಹೋಗುತ್ತಿದ್ದಳು. ಅಟ್ಟುವವರು ಆ ಗೆರೆ ದಾಟುವಂತಿಲ್ಲ. ಆಚೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ “ಖೋ” ಎಂದು ಅವಳನ್ನು ಎಬ್ಬಿಸಬೇಕು.

“ಅಮ್ಮೂ! ಹಿಡೀ! ಹಿಡಿ, ಹಿಡೀ!” ಪುಷ್ಪಾ ಎದ್ದು ನಿಂತಿದ್ದಳು. ಬಸ್ ಸ್ಟ್ಯಾಂಡಿಗೆ ಸಾಕಾಗುವ ದನಿ ಇಡೀ ಸ್ಟೇಡಿಯಮ್ಮಿಗೂ ಸಾಕಾಯಿತು. “ಖೋ ಕೊಡ್ಬೇಡ, ಓಡು! ಕಂಬದ ಹತ್ರ ಹಾರು!”

ಅಮೂಲ್ಯ ಓಡಿದಳು. ಅವಸರದಲ್ಲಿ ಕಾಲು ಗೆರೆ ದಾಟಿತು. ಅಂಪೈರು ಸೀಟಿ ಊದಿದರು. ಅಮೂಲ್ಯ ತಲೆ ಎತ್ತಿ ಗ್ಯಾಲರಿ ನೋಡಿದಳು. ಮತ್ತೆ ಓಡಿದಳು. ಈ ಸಲ ಕಂಬದ ಬಳಿ ಹಾರಿದಳು, ಹುಡುಗಿ ಅಲ್ಲಿರಲಿಲ್ಲ. ಅಮೂಲ್ಯಳ ಗಲ್ಲ, ಕೈ, ಅಂಗಿ ಎಲ್ಲ ಕೆಂಪು ಮಣ್ಣು. ಎದ್ದವಳು ಅಂಗಿಯನ್ನೂ ಕೊಡವಿಕೊಳ್ಳದೆ ಮತ್ತೆ ಗ್ಯಾಲರಿಯತ್ತ ನೋಡಿದಳು. ಪುಷ್ಪಾ ಎರಡೂ ಕೈ ಎತ್ತಿ, “ಪರವಾಗಿಲ್ಲ, ಎದ್ದೇಳು, ಓಡೂ!” ಎಂದು ಇನ್ನೂ ಜೋರಾಗಿ ಕೂಗಿದಳು.

ಎರಡು ಮೆಟ್ಟಿಲು ಕೆಳಗೆ ಬಿಸಿಲಿಗೆ ತಲೆ ಮೇಲೆ ದುಪಟ್ಟಾ ಹೊದ್ದು ಕೂತಿದ್ದ, ದಪ್ಪಗಿನ, ಕನ್ನಡಕದ ಹೆಂಗಸೊಬ್ಬಳು ಹಿಂದೆ ತಿರುಗಿದಳು.

“ಸ್ವಲ್ಪ ಮೆತ್ತಗೆ ಮಾರಾಯ್ತಿ, ಕಿವಿ...” ಎಂದವಳು ಮಾತು ನಿಲ್ಲಿಸಿ ಪುಷ್ಪಾಳನ್ನೇ ದಿಟ್ಟಿಸಿದಳು. “ನೀವು ನ್ಯೂ ಟೌನಿನವರಾ? ರೋಲಿಂಗ್ ಮಿಲ್ ರಾಮಚಂದ್ರಪ್ಪನವರ ಮಗಳಲ್ವಾ?”

ಪುಷ್ಪಾ ನೋಡಿದಳು. ಮುಖ ಗುರುತು ಹತ್ತಲಿಲ್ಲ. ಆ ಹೆಂಗಸು ನಕ್ಕಾಗ ಗುರುತು ಹತ್ತಿತು.

“ಜಗ್ಗಿ?”

“ಪುಷ್ಪೀ! ಆ ಗಂಟಲು ಕೇಳಿದಾಗ್ಲೇ ಅನ್ಕೊಂಡೆ ಕಣೇ!”

ಇಬ್ಬರೂ ಅಲ್ಲೇ, ಕಾಂಕ್ರೀಟ್ ಮೆಟ್ಟಿಲಿನ ಮೇಲೆ ತಬ್ಬಿಕೊಂಡರು. ಹಿಂದೆ ಕೂತವರು “ಕೂತ್ಕೊಳ್ರೀ, ಕಾಣ್ಸಲ್ಲ,” ಎಂದು ಗೊಣಗಿದರು. ಜಗದಾಂಬಾ ವಿದ್ಯಾನಗರದಲ್ಲಿದ್ದಳು. ಗಂಡನದು ಔಷಧಿ ಅಂಗಡಿ, ತಾನೂ ಅಲ್ಲೇ ಕೂರುತ್ತೇನೆಂದಳು.

“ವಿದ್ಯಾನಗರಾನಾ? ನಾನು ಬಸ್ ಕಂಡಕ್ಟರ್ ಕಣೇ, ದಿನಾ ನಿಮ್ಮನೆ ಮುಂದೇನೇ ಹೋಗ್ತೀನಲ್ಲೇ! ಬಸ್ಸಲ್ಲಿ ಒಂದ್ಸಲನಾದ್ರೂ ಕಾಣ್ಲಿಲ್ವಲ್ಲೇ.”

“ನಾನು ಸ್ಕೂಟಿ. ನಿಮ್ಮ ಬಸ್ಸು ಹಾರನ್ ಹೊಡ್ಕೊಂಡು ಬಂದ್ರೆ ಪಕ್ಕಕ್ಕೆ ಸರಿದು ಬೈತಾ ಇದ್ದೆ,” ಎಂದು ಜಗದಾಂಬಾ ನಕ್ಕಳು. ಆಮೇಲೆ ಮೈದಾನದ ಕಡೆ ಕೈ ತೋರಿಸಿದಳು. “ಅಗೋ, ಎರಡು ಜಡೆ. ನನ್ನ ಮಗಳು, ಸುಶ್ಮಿತಾ.”

“ಅಯ್ಯೋ! ಅವಳನ್ನ ಅಟ್ತಾ ಇರೋಳು ನನ್ನ ಮಗಳು ಕಣೇ, ಅಮೂಲ್ಯ!”

ಅಷ್ಟರಲ್ಲಿ ಭದ್ರಾವತಿಯ ಸರದಿ ಮುಗಿದಿತ್ತು. ಸುಶ್ಮಿತಾ ಕೊನೆಯವರೆಗೂ ಔಟಾಗಿರಲಿಲ್ಲ. ಮುಂದೆ ನೀಲಿಯವರು ಅಟ್ಟುವ ಸರದಿ. ಅಮೂಲ್ಯ ಬಹಳ ಹೊತ್ತು ನಿಲ್ಲಲಿಲ್ಲ, ಬೇಗ ಔಟಾಗಿ ಗೆರೆಯಾಚೆ ಹೋಗಿ ಮಂಡಿಗೆ ತಲೆ ಇಟ್ಟು ಕೂತಳು. ಪುಷ್ಪಾಳಿಗೆ ಕೆಳಗಿಳಿದು ಹೋಗಿ ಅವಳ ಪಕ್ಕ ಕೂರುವ ಆಸೆ. ಪರಶುರಾಮ ಮೇಷ್ಟ್ರು ಬಿಡುವುದಿಲ್ಲವೆಂದು ಗೊತ್ತಿತ್ತು. ಇಲ್ಲಿಂದಲೇ ಕೂಗೋಣವೆಂದು ಬಾಯಿ ತೆರೆದಳು. ಜಗದಾಂಬಾ ಅವಳ ಕೈ ಹಿಡಿದಳು.

“ಒಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಹೇಳೇ.”

“ನಿಮ್ಮಪ್ಪ ಕೂಗಿದ್ರೆ ನಂಗೆ ಕಾಲು ನಡುಗ್ತಿತ್ತು ಕಣೇ.”

ಪುಷ್ಪಾಳಿಗೆ ನಗು ಬಂತು. “ನಿಂಗೆ? ಯಾರ ಕೈಗೂ ಸಿಗದೆ ಇದ್ದೋಳಿಗೆ?”

“ನೆನಪು ಮಾಡ್ಕೋ. ಪ್ರಾಕ್ಟೀಸಲ್ಲಿ ನಿನ್ನ ಕೈಗೆ ಯಾವತ್ತು ಸಿಕ್ಕಿದೀನಿ? ನಿಮ್ಮಪ್ಪ ಬಂದು ನಿಂತ ದಿನ ಮಾತ್ರ. ಅವರು ನಿನ್ನ ಕೂಗ್ತಿದ್ರು, ನಂಗೆ ಗೊತ್ತು. ಆದ್ರೂ ನಂಗೆ ಕೈಕಾಲೇ ಆಡ್ತಿರ್ಲಿಲ್ಲ. ನೀನು ಅವರ ದನಿಗೆ ಓಡ್ತಿದ್ದೆ, ನಾನು ನಿಂತ್ಬಿಡ್ತಿದ್ದೆ.” ಜಗದಾಂಬಾ ಮೈದಾನದ ಕಡೆ ನೋಡಿದಳು. “ನಿನ್ನ ಮಗಳು ಒಂದೊಂದು ಸಲ ತಪ್ಪಿದಾಗ್ಲೂ ಇಲ್ಲಿಗೇ ನೋಡ್ತಾಳೆ. ನನ್ನ ಮಗಳು ಹಂಗಲ್ಲ. ಕೂಗದೆ ಇದ್ರೆ ಮನೇಗ್ ಬಂದು ಜಗಳ ಆಡ್ತಾಳೆ, ನಿನ್ ಥರ. ಅಮೂಲ್ಯ ನನ್ ಥರ ಅನ್ಸುತ್ತೆ ಪುಷ್ಪಿ.”

ಪುಷ್ಪಾಳ ನಗು ನಿಂತಿತು. ಸಿಟ್ಟೇ ಬಂತು. ಇಷ್ಟು ವರ್ಷಗಳ ನಂತರ ಸಿಕ್ಕವಳು ತನ್ನ ಮಗಳ ವಿಷಯ ತನಗೇ ಹೇಳುವುದೇ? ‘ಬರ್ದಿದ್ರೂ ಪರವಾಗಿಲ್ಲ’ ಎಂದು ಅಮೂಲ್ಯ ಬ್ಯಾಗಿಗೆ ಮುಖ ಮಾಡಿ ಹೇಳಿದ್ದು ಈಗ ಸ್ಪಷ್ಟವಾಗಿ ಕೇಳಿಸಿತು. ನ್ಯೂ ಟೌನಿನ ಮೈದಾನದ ಆ “ಹ್ಞೂಂ”ಗಳೂ ಕೇಳಿಸಿದವು. ಕೆಳಗೆ ಹುಡುಗಿಯರು ಎರಡನೇ ಇನಿಂಗ್ಸಿಗೆ ಎದ್ದು ನಿಲ್ಲುತ್ತಿದ್ದರು. ಅಮೂಲ್ಯ ಮುಖಕ್ಕೆ ನೀರು ಚಿಮುಕಿಸಿಕೊಂಡು ತಲೆ ಎತ್ತಿದಳು, ಗ್ಯಾಲರಿಯತ್ತಲೇ.

ಪುಷ್ಪಾ ಎದ್ದಳು. “ಎಲ್ಲಿಗೇ?” ಎಂದಳು ಜಗದಾಂಬಾ. ಪುಷ್ಪಾ ಜನರ ಕಾಲುಗಳನ್ನು ದಾಟುತ್ತಾ ಮೆಟ್ಟಿಲಿಳಿದು ಗ್ಯಾಲರಿಯ ಹಿಂದಕ್ಕೆ ಹೋದಳು.

ಅಲ್ಲಿ ಸಾಲಾಗಿ ಬೈಕುಗಳು ನಿಂತಿದ್ದವು. ವಯಸ್ಸಾದ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚುತ್ತಿದ್ದಳು. ಪುಷ್ಪಾ ಒಂದು ತೆಗೆದುಕೊಂಡಳು, ತಿನ್ನಲಿಲ್ಲ.

“ಒಳಗೆ ನಿಮ್ಮೋರು ಆಡ್ತಿದಾರಾ?”

“ನನ್ನ ಮಗಳು.”

“ಮತ್ತೆ ಇಲ್ಲಿ ನಿಂತಿದೀರಲ್ಲ?”

“ಬಿಸಿಲು.”

ಮುದುಕಿ ಒಮ್ಮೆ ಆಕಾಶ ನೋಡಿದಳು, ಒಮ್ಮೆ ಪುಷ್ಪಾಳನ್ನು ನೋಡಿದಳು. ಇಬ್ಬರೂ ಇದ್ದದ್ದು ಬಿಸಿಲಿನಲ್ಲಿಯೇ. ಮುದುಕಿ ಇನ್ನೊಂದು ಸೌತೆಕಾಯಿ ಸೀಳತೊಡಗಿದಳು.

ಸೀಟಿ ಕೇಳಿಸಿತು. ಆಟ ಶುರು. ಗೋಡೆಯ ಆಚೆಯಿಂದ “ಖೋ” ಎಂಬ ಕೂಗು. ಯಾವ ಹುಡುಗಿಯ ದನಿ ಎಂದು ತಿಳಿಯಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಖೋ. ಮತ್ತೊಂದು. ಪುಷ್ಪಾಳ ಕಾಲದಲ್ಲಿ ಒಂದು ಖೋಗೂ ಇನ್ನೊಂದು ಖೋಗೂ ನಡುವೆ ಓಟ ಇರುತ್ತಿತ್ತು. ಅಟ್ಟುವವಳು ಕಂಬದಿಂದ ಕಂಬಕ್ಕೆ ಹೋಗುತ್ತಿದ್ದಳು. ಇವರು ಓಡುತ್ತಲೇ ಇಲ್ಲ. ಎದ್ದ ತಕ್ಷಣ ಇನ್ನೊಬ್ಬಳ ಬೆನ್ನು ಮುಟ್ಟಿ ಕೂರುತ್ತಿದ್ದಾರೆ. ಕೈ ಚೆಲ್ಲಿಬಿಟ್ಟರೇ? ಅಮೂಲ್ಯ ಸೋತೆನೆಂದು ಬೇರೆಯವರ ತಲೆಗೆ ದಾಟಿಸುತ್ತಿದ್ದಾಳೆಯೇ? ಗಂಟಲಿನವರೆಗೆ ಬಂದ ‘ಓಡು’ ಎಂಬ ಮಾತನ್ನು ಅವಳು ಸೌತೆಕಾಯಿ ಕಚ್ಚಿ ತಡೆದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು.

ಹಾಗೆ ನಿಂತಾಗ ಅಪ್ಪ ನೆನಪಾದರು. ದಾವಣಗೆರೆಯಲ್ಲಿ ಸೋತು ಬರುವಾಗ ರೈಲಿನಲ್ಲಿ ಅವರು ಆಟದ ಸುದ್ದಿಯನ್ನೇ ಎತ್ತಿರಲಿಲ್ಲ. ಖಾರ ಮಂಡಕ್ಕಿ ಕೊಡಿಸಿ, ರೈಲು ತಡವಾಯಿತೆಂದು ಊರಿಗೆಲ್ಲ ಕೇಳುವಂತೆ ರೈಲ್ವೆಯವರನ್ನು ಬೈದಿದ್ದರು. ಪಕ್ಕದಲ್ಲಿ ಜಗ್ಗಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದ್ದಳು. ಅಥವಾ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದಳೇನೋ. ಆಗ ತಾನು ಯಾಕೆ ಕೇಳಲಿಲ್ಲ? ಆ ವಯಸ್ಸಿನಲ್ಲಿ ಅಪ್ಪನ ದನಿ ಪ್ರಪಂಚಕ್ಕೆಲ್ಲ ತನಗೆ ಕೇಳಿದ ಹಾಗೆಯೇ ಕೇಳುತ್ತದೆ ಎಂದೇ ಅವಳು ನಂಬಿದ್ದಳು.

ಖೋ. ಖೋ. ಖೋ. ಇದ್ದಕ್ಕಿದ್ದಂತೆ ಉದ್ದನೆಯ ಸೀಟಿ, ಅದರ ಮೇಲೆ ಗ್ಯಾಲರಿಯೇ ಎದ್ದು ಕಿರುಚಿದ ಸದ್ದು. ಯಾರು ಔಟು, ಯಾರಿಗೆ ಖುಷಿ, ಒಂದೂ ತಿಳಿಯಲಿಲ್ಲ. ಗೋಡೆಯ ತುದಿಗೆ ಹೋಗಿ ಇಣುಕಿದರೆ ಕಾಣುತ್ತಿತ್ತು. ಪುಷ್ಪಾ ಎರಡು ಹೆಜ್ಜೆ ಹೋದಳು, ಹಿಂದಿರುಗಿ ಬಂದು ಬೈಕಿಗೆ ಒರಗಿ ನಿಂತಳು.

ಎರಡೂ ಕಡೆಯ ಸರದಿ ಮುಗಿದು ಜನ ಏಳುವವರೆಗೂ ಅವಳು ಅಲ್ಲೇ ಇದ್ದಳು. ಜಗದಾಂಬಾ ಹುಡುಕಿಕೊಂಡು ಬಂದಳು.

“ಮುಗೀತು. ನಾವು ಗೆದ್ವಿ,” ಎಂದಳು. “ಎರಡೇ ಪಾಯಿಂಟು.”

ಪುಷ್ಪಾ ತಲೆಯಾಡಿಸಿದಳು.

“ಆದ್ರೆ ನನ್ನ ಮಗಳು ಗೆದ್ದೂ ಅಳ್ತಾ ಕೂತಿದಾಳೆ. ನಿನ್ನ ಮಗಳು ಹಿಡಿದ್ಬಿಟ್ಲು ಅವಳನ್ನ. ಈ ವರ್ಷ ಯಾರ ಕೈಗೂ ಸಿಕ್ಕಿರ್ಲಿಲ್ಲ ಮಾರಾಯ್ತಿ.”

“ಹೆಂಗೆ? ಕಂಬದ ಹತ್ರನಾ? ಹಾರಿದ್ಲಾ?”

“ಅವಳನ್ನೇ ಕೇಳು,” ಎಂದು ಜಗದಾಂಬಾ ಹಿಂದೆ ಕೈ ತೋರಿಸಿದಳು.

ಅಮೂಲ್ಯ ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬರುತ್ತಿದ್ದಳು. ಮೈಯೆಲ್ಲ ಮಣ್ಣು, ಕಣ್ಣು ಕೆಂಪಾಗಿತ್ತು. ಅವಳೂ ಅತ್ತಿದ್ದಳು, ಸೋತ ತಂಡದ ಜೊತೆಗೆ.

“ಎಲ್ಲಿಗೆ ಹೋಗಿದ್ದೆ ನೀನು?”

“ಇಲ್ಲೇ ಹಿಂದೆ ಇದ್ದೆ.”

“ನೋಡ್ಲಿಲ್ವಾ?” ಅಮೂಲ್ಯ ಕೈಯಲ್ಲಿದ್ದ ಶೂ ಕೆಳಗೆ ಹಾಕಿದಳು. ಪುಷ್ಪಾಳಿಗೆ ಆಗ ತಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗಲಿಲ್ಲ.

“ನೋಡ್ಲಿಲ್ಲ ಕಣಮ್ಮ. ಕೇಳಿಸ್ಕೊಂಡೆ. ನೀನೇ ಹೇಳು.”

ಅಮೂಲ್ಯ ಅಮ್ಮನ ಕೈಯಲ್ಲಿದ್ದ ಅರ್ಧ ಸೌತೆಕಾಯಿ ಕಿತ್ತುಕೊಂಡು ತಿನ್ನತೊಡಗಿದಳು.

ಸಂಜೆ ಇಬ್ಬರೂ ಭದ್ರಾವತಿ ಬಸ್ಸು ಹತ್ತಿದರು. ಪುಷ್ಪಾಳಿಗೆ ಟಿಕೆಟ್ ಕೊಡದೆ, ಟಿಕೆಟ್ ತೆಗೆದುಕೊಂಡು ಕೂರುವುದು ಅಪರೂಪ. ಮಲವಗೊಪ್ಪ ದಾಟಿದ ಮೇಲೆ ಅಮೂಲ್ಯ, “ಅಮ್ಮ, ಕೈ ಕೊಡು,” ಎಂದಳು. ಅಮ್ಮನ ಎರಡೂ ಅಂಗೈಗಳನ್ನು ತನ್ನ ತೊಡೆಯ ಮೇಲೆ ಬೋರಲು ಇಟ್ಟು, ಹೆಬ್ಬೆರಳು ಮಡಿಚಿ, ಎಂಟು ಬೆರಳು ಬಿಡಿಸಿದಳು.

“ಇವರು ಕೂತಿರೋರು. ಇಲ್ಲಿ ಸುಶ್ಮಿತಾ. ಅವಳಿಗೆ ಓಟ ಅಂದ್ರೆ ಇಷ್ಟ. ನಾವು ಓಡಿದ್ರೆ ಅವಳಿಗೆ ಸುಲಭ. ಅದಕ್ಕೆ ಸರ್ ಹತ್ರ ಹೇಳ್ದೆ, ಓಡೋದು ಬೇಡ, ಬೇಗ ಬೇಗ ಖೋ ಕೊಟ್ಟು ಅವಳನ್ನ ಮಧ್ಯದಲ್ಲೇ ಇಟ್ಕೊಳ್ಳೋಣ ಅಂತ. ಮೊದಲನೇ ಸಲ ನಂಗೆ ಧೈರ್ಯ ಬರ್ಲಿಲ್ಲ, ನೀನು ಓಡು ಓಡು ಅಂತಿದ್ದೆ...”

“ಹೇಳು,” ಎಂದಳು ಪುಷ್ಪಾ.

“ಈ ಸಲ ನಾನು ಇಲ್ಲಿ ಕೂತಿದ್ದೆ.” ಉಂಗುರದ ಬೆರಳನ್ನು ಒತ್ತಿದಳು. “ಅವಳು ನನ್ನ ಮುಂದಿಂದ ನುಸುಳೋಕೆ ಬಂದ್ಲು, ಆಗ್ಲೇ ಹಿಂದಿಂದ ಖೋ ಸಿಕ್ತು. ಎದ್ದೆ, ಅಷ್ಟೇ. ಅವಳ ಭುಜ ನನ್ನ ಕೈಯಲ್ಲಿತ್ತು.”

ಮಗಳು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಪುಷ್ಪಾ ಎಂದೂ ಕೇಳಿರಲಿಲ್ಲ. ನಡುವೆ ಒಂದೆರಡು ಸಲ ಬಾಯಿ ಹಾಕಬೇಕೆನಿಸಿತು: ಕಂಬದ ಪಕ್ಕ ಕೂತವಳನ್ನು ಮೊದಲೇ ಎಬ್ಬಿಸಿದ್ದರೆ ಇನ್ನೂ ಬೇಗ ಸಿಗುತ್ತಿದ್ದಳಲ್ಲ ಎಂದು. ಹೇಳಲಿಲ್ಲ. ಮಾಚೇನಹಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬಳು ಇಬ್ಬರ ಕೈಗಳನ್ನು ಕುತೂಹಲದಿಂದ ನೋಡುತ್ತಾ ನಿಂತಳು.

ಜಗದಾಂಬಾ ಈಗ ಎಷ್ಟೋ ಭಾನುವಾರ ಸ್ಕೂಟಿಯಲ್ಲಿ ಮಗಳನ್ನು ಕೂರಿಸಿಕೊಂಡು ನ್ಯೂ ಟೌನಿಗೆ ಬರುತ್ತಾಳೆ. ಹುಡುಗಿಯರು ಮೈದಾನದಲ್ಲಿ ತಮಗೆ ತೋಚಿದಂತೆ ಅಟ್ಟಾಡುತ್ತಾರೆ. ಸುಶ್ಮಿತಾಳಿಗಾಗಿ ಆಗೊಮ್ಮೆ ಈಗೊಮ್ಮೆ ಪುಷ್ಪಾ ಗಂಟಲು ಬಿಡುತ್ತಾಳೆ, ಅದಕ್ಕೆ ಆ ಹುಡುಗಿಯ ಅನುಮತಿ ಇದೆ. ಆಮೇಲೆ ಗೆಳತಿಯರಿಬ್ಬರೂ ಬೀಗ ಹಾಕಿದ ಕ್ವಾರ್ಟರ್ಸುಗಳ ಸಾಲಿನಲ್ಲಿ ನಡೆಯುತ್ತಾ ಯಾವ ಮನೆ ಯಾರದಿತ್ತು ಎಂದು ಗುರುತಿಸುತ್ತಾರೆ. ಮೂಲೆಯ ಮನೆ ಫಿಟ್ಟರ್ ಮನೆಯವರದು ಎಂದು ಪುಷ್ಪಾ, ಅಲ್ಲ, ಅದು ಟೀಚರಮ್ಮನದು, ಅಂಗಳದಲ್ಲಿ ನುಗ್ಗೆ ಮರ ಇತ್ತು ಎಂದು ಜಗದಾಂಬಾ. ಆ ವಾದ ಇನ್ನೂ ಮುಗಿದಿಲ್ಲ. ಅಂಗಳದಲ್ಲಿ ಈಗ ನುಗ್ಗೆ ಮರವಿಲ್ಲ, ಕೇಳೋಣವೆಂದರೆ ಆ ಸಾಲಿನಲ್ಲಿ ಯಾರೂ ಇಲ್ಲ.